ಎಣ್ಣೆಯ ಹಂಗು ತೊರೆದ ಗಡಿಯಾರ

ಕೀ ಕೊಡುವ ಗಡಿಯಾರ ಕಟ್ಟುತ್ತಿದ್ದ ಮನೆಗಳಲ್ಲೆಲ್ಲ ಎರಡು ಮೂರು ವರ್ಷಕ್ಕೊಮ್ಮೆ ಈ ಮಾತು ಬಂದೇ ಬರುತ್ತಿತ್ತು: ‘ಯಾಕೋ ಹಿಂದೆ ಬೀಳ್ತಾ ಇದೆ, ಒಂದ್ಸಲ ಸರ್ವೀಸಿಗೆ ಕೊಡಬೇಕು.’ ಪೇಟೆ ಬೀದಿಯ ರಿಪೇರಿಯವರು ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ತೆಗೆಯುತ್ತಿದ್ದರು. ಚಕ್ರಗಳನ್ನು ಒಂದೊಂದಾಗಿ ಬಿಚ್ಚಿ ತೊಳೆದು, ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಎಣ್ಣೆ ಮುಟ್ಟಿಸಿ, ಮತ್ತೆ ಜೋಡಿಸಿ ಕೊಡುತ್ತಿದ್ದರು. ಗಡಿಯಾರದಲ್ಲಿ ಏನೂ ಮುರಿದಿರುತ್ತಿರಲಿಲ್ಲ. ಒಳಗಿನ ಹಳೆಯ ಎಣ್ಣೆ ಗಟ್ಟಿಯಾಗಿರುತ್ತಿತ್ತು, ಅಷ್ಟೇ.

1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಕೈಗಡಿಯಾರ ಮಾಡತೊಡಗಿತು. ಅದರ ‘ಜನತಾ’ ಗಡಿಯಾರದ ಒಳಗೂ, ಜಿನೀವಾದ ಅತಿ ದುಬಾರಿ ಗಡಿಯಾರದ ಒಳಗೂ ಕಾಲವನ್ನು ಅಳೆಯುವ ಉಪಾಯ ಒಂದೇ ಆಗಿತ್ತು. ಅದರ ಹೆಸರು ಲಿವರ್ ಎಸ್ಕೇಪ್‌ಮೆಂಟ್. 18ನೇ ಶತಮಾನದ ನಡುವಿನಲ್ಲಿ ಲಂಡನ್ನಿನ ಥಾಮಸ್ ಮಡ್ಜ್ ಅದನ್ನು ಕಂಡುಹಿಡಿದ. ಅದು ಗಟ್ಟಿಮುಟ್ಟು, ಜೇಬಿನಲ್ಲಿಟ್ಟು ಓಡಾಡಿದರೂ ತಪ್ಪದೆ ನಡೆಯುವಂಥದ್ದು. ಮುಂದಿನ ಇನ್ನೂರು ವರ್ಷ ಎಷ್ಟೋ ಜಾಣರು ಬೇರೆ ಉಪಾಯಗಳನ್ನು ಹೂಡಿದರೂ ದಿನಬಳಕೆಯ ಗಡಿಯಾರದಲ್ಲಿ ಅದನ್ನು ಕದಲಿಸಲು ಆಗಲಿಲ್ಲ. ಕೊನೆಗೆ ಅದಕ್ಕೊಂದು ಬದಲಿ ಹುಡುಕಿದವನು ಸಂಶೋಧನಾಲಯ ಇಟ್ಟುಕೊಂಡ ಕಂಪನಿಯವನಲ್ಲ, ಎಂಜಿನಿಯರಿಂಗ್ ಪದವಿ ಪಡೆದವನೂ ಅಲ್ಲ. ಲಂಡನ್ನಿನ ಕಡುಬಡತನದಲ್ಲಿ ಬೆಳೆದು, ಹದಿನಾಲ್ಕಕ್ಕೆ ಶಾಲೆ ಬಿಟ್ಟು, ಹಾಸಿಗೆ ಕಾರ್ಖಾನೆಯಲ್ಲಿ ದುಡಿದ ಜಾರ್ಜ್ ಡೇನಿಯಲ್ಸ್.

ಅವನು ಕಂಡುಕೊಂಡದ್ದು ಏನು ಎಂದು ತಿಳಿಯಬೇಕಾದರೆ ಗಡಿಯಾರದ ಎದೆಬಡಿತದ ಹತ್ತಿರ ಹೋಗಬೇಕು. ಸುತ್ತಿಟ್ಟ ಸ್ಪ್ರಿಂಗಿನಲ್ಲಿ ಶಕ್ತಿ ಇರುತ್ತದೆ. ಅದನ್ನು ಸುಮ್ಮನೆ ಬಿಟ್ಟರೆ ಚಕ್ರಗಳು ಗಿರ್ರನೆ ತಿರುಗಿ ಸ್ವಲ್ಪ ಹೊತ್ತಿನಲ್ಲೇ ನಿಂತುಬಿಡುತ್ತವೆ. ಆ ಓಟಕ್ಕೆ ಕಡಿವಾಣ ಹಾಕುವುದು ಬ್ಯಾಲೆನ್ಸ್ ಚಕ್ರ. ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ಕಟ್ಟಿದ ಈ ಪುಟ್ಟ ಗಾಲಿ ಅತ್ತ ಇತ್ತ ತೂಗುತ್ತಲೇ ಇರುತ್ತದೆ. ತೂಗು ನಿಲ್ಲಬಾರದೆಂದರೆ ಅದಕ್ಕೆ ಆಗಾಗ ಚೂರು ಬಲ ಕೊಡಬೇಕು. ಜೋಕಾಲಿಯಲ್ಲಿ ಕೂತ ಮಗುವನ್ನು ತೂಗಿದವರಿಗೆ ಇದರ ಮರ್ಮ ಗೊತ್ತು: ಸರಿಯಾದ ಗಳಿಗೆಯಲ್ಲಿ ಒಂದೇ ಒಂದು ಚುಟುಕು ತಳ್ಳು, ಮತ್ತೆ ಕೈ ಹಿಂದಕ್ಕೆ. ಹಲಗೆಗೆ ಕೈ ಒತ್ತಿ ಹಿಡಿದು ಉಜ್ಜುತ್ತಾ ತಳ್ಳಿದರೆ ಜೋಕಾಲಿಯ ಲಯವೇ ಕೆಡುತ್ತದೆ. ಹಳೆಯ ಗಡಿಯಾರಗಳಲ್ಲಿ ಈ ತಳ್ಳು ಸೆಕೆಂಡಿಗೆ ಐದು ಸಲ, ಎಂದರೆ ದಿನಕ್ಕೆ 4,32,000 ಸಲ ಬೀಳುತ್ತದೆ.

ಲಿವರ್‌ನ ಕುಂದು ಇರುವುದು ಆ ತಳ್ಳುವ ರೀತಿಯಲ್ಲಿ. ಸ್ಪ್ರಿಂಗಿನ ಬಲ ಹೊತ್ತು ತರುವ ಎಸ್ಕೇಪ್ ಚಕ್ರದ ಹಲ್ಲು, ಆ ಬಲವನ್ನು ಬ್ಯಾಲೆನ್ಸಿಗೆ ದಾಟಿಸುವ ಲಿವರ್‌ನ ತುದಿಯಲ್ಲಿರುವ ಕೆಂಪು ಕಲ್ಲಿನ ಇಳಿಜಾರು ಮುಖದ ಮೇಲೆ ಜಾರಿಕೊಂಡು ಹೋಗುತ್ತಾ ಅದನ್ನು ಪಕ್ಕಕ್ಕೆ ದೂಡುತ್ತದೆ. ಜಾರುವಿಕೆ ಇದ್ದಲ್ಲಿ ಉಜ್ಜಾಟ ಇದೆ, ಉಜ್ಜಾಟ ಇದ್ದಲ್ಲಿ ಎಣ್ಣೆ ಬೇಕು. ಎಣ್ಣೆ ಎಂದ ಮೇಲೆ ಅದು ಒಣಗುತ್ತದೆ, ಹರಡುತ್ತದೆ, ಚಳಿಗೆ ಗಟ್ಟಿಯಾಗುತ್ತದೆ, ದೂಳು ಹಿಡಿಯುತ್ತದೆ. ಉಳಿದ ಚಕ್ರಗಳ ಅಚ್ಚಿನ ತುದಿಗಳು ಕಲ್ಲಿನ ಗುಳಿಗಳಲ್ಲಿ ಕೂತಿರುವುದರಿಂದ ಅಲ್ಲಿನ ಎಣ್ಣೆ ಬಹುಕಾಲ ಬಾಳುತ್ತದೆ. ಎಸ್ಕೇಪ್ ಚಕ್ರದ ಹಲ್ಲಿನ ಮೇಲಿನ ಎಣ್ಣೆಗೆ ಅಂಥ ಆಸರೆ ಇಲ್ಲ. ಗಡಿಯಾರದ ನಿಖರತೆ ನಿಂತಿರುವುದೂ ಅಲ್ಲೇ, ಅದು ಮೊದಲು ಕೈಕೊಡುವುದೂ ಅಲ್ಲೇ.

ಈ ತೊಂದರೆಯನ್ನು ಗಂಭೀರವಾಗಿ ಎದುರಿಸಿದವರಲ್ಲಿ ಒಬ್ಬ ಅಬ್ರಹಾಂ ಲೂಯಿ ಬ್ರೆಗೆ. 1747ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಹೆಸರು ಮಾಡಿ, 1823ರಲ್ಲಿ ತೀರಿಕೊಂಡ ಬ್ರೆಗೆಗೆ ಸರಿಸಾಟಿಯಾದ ಗಡಿಯಾರದವನು ಇನ್ನೊಬ್ಬನಿಲ್ಲ ಎಂದು ಆ ಕಸುಬಿನವರು ಇಂದಿಗೂ ಹೇಳುತ್ತಾರೆ. ಡೇನಿಯಲ್ಸ್‌ನ ಕತೆ ಅವನಿಂದಲೇ ಶುರುವಾಗುತ್ತದೆ.

ಹನ್ನೊಂದು ಮಕ್ಕಳ ಬಡ ಮನೆಯಲ್ಲಿ 1926ರಲ್ಲಿ ಹುಟ್ಟಿದ ಡೇನಿಯಲ್ಸ್‌ಗೆ ಪಿತ್ರಾರ್ಜಿತ ಎಂಬುದೇನೂ ಇರಲಿಲ್ಲ. ಎಳೆಯದರಲ್ಲೇ ಒಂದು ಅಗ್ಗದ ಗಡಿಯಾರವನ್ನು ತೆರೆದು ನೋಡಿದ. ಅಂದು ಹತ್ತಿದ ಹುಚ್ಚು ಬಿಡಲೇ ಇಲ್ಲ. 1944ರಿಂದ ಸೈನ್ಯದಲ್ಲಿದ್ದಾಗ ಜೊತೆಯವರ ಗಡಿಯಾರಗಳನ್ನು ರಿಪೇರಿ ಮಾಡಿಕೊಡುತ್ತಿದ್ದ. ಬಿಡುಗಡೆಯಾಗುವಾಗ ಸಿಕ್ಕ ಹಣದಲ್ಲಿ ಉಪಕರಣ ಕೊಂಡ. ಹಗಲು ರಿಪೇರಿ, ರಾತ್ರಿ ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿದ್ದ ನಾರ್ಥಾಂಪ್ಟನ್ ಇನ್ಸ್ಟಿಟ್ಯೂಟಿನಲ್ಲಿ ಪಾಠ. 1960ರಲ್ಲಿ ಸ್ವಂತ ಅಂಗಡಿ ತೆರೆದ. ಆ ಹೊತ್ತಿಗೆ ಸ್ಯಾಮ್ ಕ್ಲಟನ್ ಎಂಬ ಹಿರಿಯ ಪರಿಚಯವಾದ. ಹಳೆಯ ಕಾರುಗಳೆಂದರೆ ಇಬ್ಬರಿಗೂ ಪ್ರಾಣ. ಜೊತೆಗೆ ಕ್ಲಟನ್ ಹಳೆಯ ಗಡಿಯಾರಗಳ ದೊಡ್ಡ ಸಂಗ್ರಾಹಕನೂ ಆಗಿದ್ದ. ಅವನ ಮೂಲಕ ಬ್ರೆಗೆ ಮಾಡಿದ ಗಡಿಯಾರಗಳು ಡೇನಿಯಲ್ಸ್‌ನ ಮೇಜಿಗೆ ಬಂದವು.

ರಿಪೇರಿ ಎಂದರೆ ನಮ್ಮಲ್ಲಿ ಸಣ್ಣ ಕೆಲಸ ಎಂಬ ಭಾವನೆ ಇದೆ. ನಾನಂತೂ ಅದನ್ನು ಒಪ್ಪಲಾರೆ. ಒಬ್ಬ ದೊಡ್ಡ ಕಸುಬುದಾರನ ಕೆಲಸವನ್ನು ಬಿಚ್ಚಿ ಮತ್ತೆ ಕಟ್ಟುವವನು ಅವನ ಯೋಚನೆ ನಡೆದ ದಾರಿಯಲ್ಲೇ ನಡೆಯುತ್ತಾನೆ. ಈ ಸ್ಕ್ರೂ ಇಲ್ಲೇಕೆ, ಈ ಸೇತುವೆಗೆ ಈ ಬಾಗು ಏಕೆ, ಈ ಹಲ್ಲನ್ನು ಅರದಿಂದ ಇಷ್ಟೇ ತೀಡಿ ಏಕೆ ನಿಲ್ಲಿಸಿದ ಎಂದು ಬೆರಳುಗಳೇ ಕೇಳುತ್ತಾ ಹೋಗುತ್ತವೆ. ಡೇನಿಯಲ್ಸ್ ವರ್ಷಗಟ್ಟಲೆ ಇದನ್ನೇ ಮಾಡಿದ. ಬ್ರೆಗೆಯ ಗಡಿಯಾರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಬಿಡಿಭಾಗಗಳ ನಕ್ಷೆ ಬರೆದು 1975ರಲ್ಲಿ ‘ದಿ ಆರ್ಟ್ ಆಫ್ ಬ್ರೆಗೆ’ ಎಂಬ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಮನೆಯಲ್ಲಿ ಸಿಗದ ಪರಂಪರೆಯನ್ನು ಅವನು ಹೀಗೆ ಮೇಜಿನ ಮುಂದೆ ಕೂತು ಗಳಿಸಿದ.

ಅಷ್ಟರಲ್ಲಿ ತಾನೇ ಒಂದು ಗಡಿಯಾರ ಮಾಡಬೇಕೆಂಬ ಹಟ ಹುಟ್ಟಿತ್ತು. ಕೊಂಡ ಭಾಗಗಳನ್ನು ಜೋಡಿಸುವ ಕೆಲಸಕ್ಕೆ ಅವನು ಗಡಿಯಾರ ಮಾಡುವುದು ಎನ್ನುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಾಗಲಿ ಇಂಗ್ಲೆಂಡಿನಲ್ಲಾಗಲಿ ಒಂದು ಗಡಿಯಾರ ಹಲವು ಕೈಗಳ ಕೂಸು. ಚಕ್ರ ಕಡಿಯುವವನು ಒಬ್ಬ, ಕೇಸ್ ಮಾಡುವವನು ಇನ್ನೊಬ್ಬ, ಡಯಲ್ ಕೆತ್ತುವವನು ಮತ್ತೊಬ್ಬ. ಹೀಗೆ ಹಂಚಿಹೋಗಿದ್ದ ಕಸುಬುಗಳು 34 ಎಂದು ಲೆಕ್ಕ. ಅವುಗಳಲ್ಲಿ 32ನ್ನು ಡೇನಿಯಲ್ಸ್ ಒಬ್ಬನೇ ಕಲಿತ. ಕಲಿಸುವವರು ಬಹುಪಾಲು ಸತ್ತುಹೋಗಿದ್ದರು. ಹಳೆಯ ಗಡಿಯಾರಗಳನ್ನೂ, ಯಾರಿಗೂ ಬೇಡವಾಗಿದ್ದ ಹಳೆಯ ಲೇತುಗಳನ್ನೂ ಗುರುಗಳನ್ನಾಗಿ ಮಾಡಿಕೊಂಡ. 1969ರಲ್ಲಿ ಮೊದಲ ಜೇಬುಗಡಿಯಾರ ಮುಗಿಯಿತು. ಅದು ಹೋದದ್ದು ಕ್ಲಟನ್‌ಗೆ.

ಅವನ ಡಯಲ್‌ಗಳನ್ನು ಚಿತ್ರದಲ್ಲಿ ನೋಡಿದರೂ ಸಾಕು, ಇವು ಯಾರ ಕೈಯವು ಎಂದು ಗೊತ್ತಾಗುತ್ತದೆ. ಬೆಳ್ಳಿಯ ತಗಡಿನ ಮೇಲೆ ಅಕ್ಕಿಕಾಳಿಗಿಂತ ಸಣ್ಣ ನೇಯ್ಗೆಯಂತೆ ಹಬ್ಬಿದ ಗೀರುಗಳು, ಒಂದರೊಳಗೊಂದು ಹೊಕ್ಕ ಉಂಗುರಗಳು, ಸಪೂರ ಚಿನ್ನದ ಮುಳ್ಳುಗಳು, ರೋಮನ್ ಅಂಕಿಗಳು. ಈ ಕೆಲಸ ನಡೆಯುವುದು ರೋಸ್ ಎಂಜಿನ್ ಎಂಬ ಕೈಲೇತಿನಲ್ಲಿ. ಅದರಲ್ಲಿ ಅಲೆಅಲೆಯ ಅಂಚಿರುವ ಒಂದು ಬಿಲ್ಲೆ ಇರುತ್ತದೆ. ಒಂದು ಕೈಯಿಂದ ಹಿಡಿ ತಿರುಗಿಸಿದಂತೆ ಬಿಲ್ಲೆಯ ಅಲೆಗೆ ತಕ್ಕಂತೆ ತಗಡು ತೊನೆಯುತ್ತಾ ಸುತ್ತುತ್ತದೆ. ಇನ್ನೊಂದು ಕೈ ಉಳಿಯನ್ನು ಹದವಾಗಿ ಒತ್ತುತ್ತದೆ. ಒಂದು ಸುತ್ತಿಗೆ ಒಂದು ಗೆರೆ. ಆಮೇಲೆ ಉಳಿಯನ್ನು ಕೂದಲಿನಷ್ಟು ಸರಿಸಿ ಮುಂದಿನ ಸುತ್ತು. ಕೊನೆಯ ಗೆರೆಯಲ್ಲಿ ಕೈ ಅದುರಿದರೂ ಹಿಂದಿನದೆಲ್ಲ ವ್ಯರ್ಥ, ಹೊಸ ತಗಡು ತೆಗೆದುಕೊಳ್ಳಬೇಕು. ಗಡಿಯಾರದ ಡಯಲ್‌ಗೆ ಈ ಗೀರುಕೆಲಸವನ್ನು ಒಗ್ಗಿಸಿದವನು ಬ್ರೆಗೆಯೇ. ಬೆಳ್ಳಿಯ ಮೇಲೆ ಬೆಳಕು ಕಣ್ಣಿಗೆ ಕುಕ್ಕದಿರಲಿ, ಗಂಟೆಯ ಜಾಗ ಬೇರೆ, ಸೆಕೆಂಡಿನ ಜಾಗ ಬೇರೆ ಎಂದು ನೋಡಿದೊಡನೆ ತಿಳಿಯಲಿ ಎಂಬುದು ಅದರ ಉಪಯೋಗ. ಡೇನಿಯಲ್ಸ್ ಆ ಭಾಷೆಯನ್ನು ಕಲಿತ, ಆದರೆ ಬ್ರೆಗೆ ಹೇಳಿದ್ದನ್ನೇ ಹೇಳುತ್ತಾ ಕೂರಲಿಲ್ಲ. ಉಂಗುರಗಳನ್ನು ತನ್ನದೇ ಅಳತೆಯಲ್ಲಿ ಹೆಣೆದ, ಅಂಕಿಗಳನ್ನು ತನ್ನದೇ ತೂಕದಲ್ಲಿ ಕೂರಿಸಿದ. ಒಳಗಿನ ಯಂತ್ರದಲ್ಲೂ ಅವನು ಮಾಡಿದ್ದು ಇದನ್ನೇ.

1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಿತು. ಬ್ಯಾಟರಿ ಹಾಕಿದರೆ ಸಾಕು, ಕೀ ಕೊಡುವ ಯಾವ ಗಡಿಯಾರಕ್ಕೂ ನಿಲುಕದ ನಿಖರತೆ. ಮುಂದಿನ ಒಂದೂವರೆ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಗಡಿಯಾರ ಉದ್ಯಮದ ಮೂರರಲ್ಲಿ ಸುಮಾರು ಎರಡು ಪಾಲು ಕೆಲಸಗಳು ಕರಗಿಹೋದವು. ಹಲ್ಲು ಚಕ್ರದ ಗಡಿಯಾರದ ಕಾಲ ಮುಗಿಯಿತೆಂದು ಬಹಳ ಮಂದಿ ನಂಬಿದರು. ಆ ಹೊತ್ತಿನಲ್ಲೇ, 1974ರಲ್ಲಿ, ಅಮೆರಿಕದ ಉದ್ಯಮಿ ಸೆತ್ ಆಟ್‌ವುಡ್ ಡೇನಿಯಲ್ಸ್‌ನ ಮುಂದೆ ಒಂದು ಬೇಡಿಕೆ ಇಟ್ಟ. ಇಲಿನಾಯ್ಸ್‌ನ ರಾಕ್‌ಫರ್ಡಿನಲ್ಲಿ ಕಾಲಮಾಪನದ ಮ್ಯೂಸಿಯಂ ಕಟ್ಟಿದವನು ಅವನು. ಯಾಂತ್ರಿಕ ಗಡಿಯಾರದ ಬುನಾದಿಯನ್ನೇ ಮೇಲೆತ್ತುವಂಥದ್ದೊಂದನ್ನು ಮಾಡಿಕೊಡಿ ಎಂಬುದು ಅವನ ಕೋರಿಕೆ. ಮಿಕ್ಕವರು ಸೋಲೊಪ್ಪಿಕೊಂಡಿದ್ದ ಗಳಿಗೆಯಲ್ಲಿ ಇಂಥ ಮಾತು ಕೇಳಿದ ಆ ಹಿರಿಯನ ಧೈರ್ಯ ನನಗೆ ಡೇನಿಯಲ್ಸ್‌ನ ಜಾಣ್ಮೆಯಷ್ಟೇ ದೊಡ್ಡದಾಗಿ ಕಾಣುತ್ತದೆ.

ಡೇನಿಯಲ್ಸ್ ಹೊಸದನ್ನು ಹುಡುಕಲು ಹಳೆಯದರ ಬಳಿಗೆ ಹೋದ. ಅವನ ಮುಂದೆ ಎರಡು ದಾರಿಗಳಿದ್ದವು. ಹಡಗಿನವರ ಕ್ರೊನೊಮೀಟರುಗಳಲ್ಲಿ ಜಾನ್ ಆರ್ನಲ್ಡ್, ಥಾಮಸ್ ಅರ್ನ್‌ಶಾ ಮುಂತಾದವರು ಬಳಸಿದ ಡಿಟೆಂಟ್ ಎಂಬ ಬಗೆಯಲ್ಲಿ ಎಸ್ಕೇಪ್ ಚಕ್ರ ಬ್ಯಾಲೆನ್ಸ್ ಅನ್ನು ನೇರವಾಗಿ ತಳ್ಳುತ್ತದೆ, ಜಾರುವುದಿಲ್ಲ. ಹಾಗಾಗಿ ಅಲ್ಲಿ ಎಣ್ಣೆ ಬೇಡ. ಆದರೆ ತಳ್ಳು ಬೀಳುವುದು ಒಂದೇ ದಿಕ್ಕಿನಲ್ಲಿ, ಮರಳಿ ಬರುವಾಗ ಇಲ್ಲ. ನಿಂತುಹೋದರೆ ತಾನಾಗಿ ಹೊರಡುವುದಿಲ್ಲ, ಕುಲುಕಿದರೆ ಲೆಕ್ಕ ತಪ್ಪುತ್ತದೆ. ಪೆಟ್ಟಿಗೆಯಲ್ಲಿ ಅಲುಗದಂತೆ ಇಟ್ಟ ಯಂತ್ರಕ್ಕೆ ಸರಿ, ಮಣಿಕಟ್ಟಿಗೆ ಆಗದು. ಇನ್ನೊಂದು ದಾರಿ ಬ್ರೆಗೆ ಹೂಡಿದ ‘ಸಹಜ ಎಸ್ಕೇಪ್‌ಮೆಂಟ್’. ಅದರಲ್ಲಿ ಎರಡು ಎಸ್ಕೇಪ್ ಚಕ್ರಗಳು. ಒಂದು ಬಲಕ್ಕೆ ತಳ್ಳಿದರೆ ಇನ್ನೊಂದು ಎಡಕ್ಕೆ. ಎರಡೂ ತಳ್ಳು ನೇರ. ಸೊಗಸಾದ ಯೋಚನೆ, ಆದರೆ ಎರಡನೆಯ ಚಕ್ರವನ್ನು ಓಡಿಸುತ್ತಿದ್ದುದು ಮೊದಲನೆಯ ಚಕ್ರ. ಹಲ್ಲುಗಳ ನಡುವಿನ ಎಳ್ಳಷ್ಟು ಸಡಿಲದಿಂದ ಎರಡನೆಯದು ನಡುಗುತ್ತಿತ್ತು, ತಳ್ಳು ಗಳಿಗೆಗೆ ಸರಿಯಾಗಿ ಬೀಳುತ್ತಿರಲಿಲ್ಲ. ಬ್ರೆಗೆಯಂಥ ಬ್ರೆಗೆಯೇ ಅದನ್ನು ಕೈಬಿಟ್ಟ.

ಬ್ರೆಗೆ ಬಿಟ್ಟಲ್ಲಿಂದ ಡೇನಿಯಲ್ಸ್ ಹಿಡಿದ. ಸಡಿಲ ಬರುವುದು ಒಂದು ಚಕ್ರ ಇನ್ನೊಂದನ್ನು ಅವಲಂಬಿಸಿರುವುದರಿಂದ ತಾನೆ? ಹಾಗಾದರೆ ಸಂಬಂಧವನ್ನೇ ಕಡಿದುಬಿಡೋಣ ಎಂದುಕೊಂಡ. ಎರಡು ಎಸ್ಕೇಪ್ ಚಕ್ರಗಳಿಗೂ ಬೇರೆ ಬೇರೆ ಸ್ಪ್ರಿಂಗು, ಬೇರೆ ಬೇರೆ ಚಕ್ರಗಳ ಸಾಲು, ನಡುವೆ ಎರಡನ್ನೂ ಆಳುವ ಒಂದೇ ಬ್ಯಾಲೆನ್ಸ್. ಬ್ರೆಗೆಯ ಕನಸು ಈಗ ಸರಾಗವಾಗಿ ನಡೆಯಿತು. ಆದರೆ ಒಂದು ಗಡಿಯಾರದ ಹೊಟ್ಟೆಯಲ್ಲಿ ಎರಡು ಗಡಿಯಾರಗಳ ಸರಂಜಾಮು. ದಪ್ಪ ಜೇಬುಗಡಿಯಾರದಲ್ಲಿ ಹಿಡಿಸಬಹುದು, ಕೈಗಡಿಯಾರದಲ್ಲಿ ಜಾಗವೆಲ್ಲಿ?

ಆ ಎರಡು ಸಾಲುಗಳನ್ನು ಅವನು ಮುಂದೆ ಬೇರೊಂದು ಕೆಲಸಕ್ಕೆ ಹಚ್ಚಿದ ಬಗೆ ಬೆರಗು ಹುಟ್ಟಿಸುವಂಥದ್ದು. ಮನುಷ್ಯ ಚಂದ್ರನ ಮೇಲೆ ಇಳಿದ ಸಾಹಸದ ಗೌರವಕ್ಕೆಂದು 1982ರಲ್ಲಿ ‘ಸ್ಪೇಸ್ ಟ್ರಾವೆಲರ್’ ಎಂಬ ಜೇಬುಗಡಿಯಾರ ಮಾಡಿದ. ಒಂದು ಸಾಲು ನಾವು ಬಳಸುವ ಸೌರ ಕಾಲವನ್ನು ತೋರಿಸುತ್ತದೆ, ಇನ್ನೊಂದು ಸಾಲು ನಾಕ್ಷತ್ರಿಕ ಕಾಲವನ್ನು. ನಕ್ಷತ್ರಗಳ ಲೆಕ್ಕದಲ್ಲಿ ಭೂಮಿಯ ಒಂದು ಸುತ್ತು ಮುಗಿಯಲು 23 ಗಂಟೆ 56 ನಿಮಿಷ 4 ಸೆಕೆಂಡು ಸಾಕು. ನಮ್ಮ ದಿನಕ್ಕಿಂತ ಅದು ಸುಮಾರು ನಾಲ್ಕು ನಿಮಿಷ ಕಡಿಮೆ. ಎರಡೂ ಕಾಲಗಳನ್ನು ಒಂದೇ ಬ್ಯಾಲೆನ್ಸ್ ತೂಗುತ್ತದೆ. ಭಾರವಾಗಿದ್ದ ಎರಡನೆಯ ಸಾಲಿಗೆ ಇಲ್ಲಿ ಅರ್ಥ ಬಂತು. ಮಾಡಿದ್ದನ್ನು ಮಾರಿದ ಮೇಲೆ ಅವನ ಮನಸ್ಸು ತಡೆಯಲಿಲ್ಲ, ತನಗಾಗಿ ಇನ್ನೊಂದನ್ನು ಮಾಡಿಕೊಂಡ.

ಮಣಿಕಟ್ಟಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1970ರ ದಶಕದ ನಡುವಿನಲ್ಲಿ. ಎರಡು ಚಕ್ರ ಬೇಕು, ಆದರೆ ಅವು ಪಕ್ಕಪಕ್ಕ ಇರಬೇಕೆಂದೇನಿದೆ? ಒಂದರ ಮೇಲೊಂದು, ಒಂದೇ ಅಚ್ಚಿಗೆ ಪೋಣಿಸಿದರೆ? ಹಾಗೆ ಪೋಣಿಸಿದ ಎರಡು ಚಕ್ರಗಳ ನಡುವೆ ಸಡಿಲ ಎಂಬುದೇ ಇಲ್ಲ, ಏಕೆಂದರೆ ಅವು ಒಟ್ಟಿಗೇ ತಿರುಗುತ್ತವೆ. ಎರಡನ್ನೂ ಓಡಿಸಲು ಒಂದೇ ಸಾಲು ಸಾಕು. ಆದರೆ ಒಂದೇ ಕಡೆಗೆ ತಿರುಗುವ ಅಚ್ಚಿನಿಂದ ಬ್ಯಾಲೆನ್ಸ್ ಅನ್ನು ಎರಡೂ ಕಡೆಗೆ ತಳ್ಳುವುದು ಹೇಗೆ? ಇಲ್ಲಿ ಅವನು ಲಿವರ್ ಅನ್ನೇ ಮರಳಿ ಕರೆತಂದ. ಬ್ಯಾಲೆನ್ಸ್ ಒಂದು ದಿಕ್ಕಿಗೆ ಹೋಗುವಾಗ ದೊಡ್ಡ ಚಕ್ರದ ಹಲ್ಲು ಬ್ಯಾಲೆನ್ಸಿನ ಮೇಲಿನ ಕಲ್ಲಿಗೆ ನೇರವಾಗಿ ತಗಲಿ ದೂಡುತ್ತದೆ. ಮರಳಿ ಬರುವಾಗ ಸಣ್ಣ ಚಕ್ರದ ಹಲ್ಲು ಲಿವರ್‌ನ ಮೇಲಿನ ಕಲ್ಲಿಗೆ ತಗಲುತ್ತದೆ, ಲಿವರ್ ಆ ಬಲವನ್ನು ಬ್ಯಾಲೆನ್ಸಿಗೆ ದಾಟಿಸುತ್ತದೆ. ನಡುನಡುವೆ ಚಕ್ರವನ್ನು ತಡೆದು ನಿಲ್ಲಿಸಲು ಲಿವರ್‌ನಲ್ಲಿ ಬೇರೆಯೇ ಎರಡು ಕಲ್ಲುಗಳಿವೆ. ಮಡ್ಜ್‌ನ ಲಿವರ್‌ನಲ್ಲಿ ಅದೇ ಕಲ್ಲು ತಡೆಯುತ್ತಲೂ ಇತ್ತು, ತಳ್ಳುತ್ತಲೂ ಇತ್ತು. ಡೇನಿಯಲ್ಸ್ ಆ ಎರಡು ಕೆಲಸಗಳನ್ನು ಬೇರ್ಪಡಿಸಿದ. ತಳ್ಳುವ ಹಲ್ಲು ಇಳಿಜಾರಿನ ಮೇಲೆ ಜಾರುವುದು ತಪ್ಪಿತು, ಒತ್ತಿ ಬಿಡುವುದಷ್ಟೇ ಉಳಿಯಿತು. ಎಣ್ಣೆ ಹಳತಾದರೂ ನಡಿಗೆ ಕೆಡದ ಗಡಿಯಾರ ಹೀಗೆ ಬಂತು. ಒಂದೇ ಅಚ್ಚಿನದು ಎಂಬ ಅರ್ಥದಲ್ಲಿ ಅದಕ್ಕೆ ‘ಕೋ-ಆಕ್ಸಿಯಲ್’ ಎಂದು ಹೆಸರಾಯಿತು. 1980ರಲ್ಲಿ ಪೇಟೆಂಟ್ ಸಿಕ್ಕಿತು.

ಕಾಗದದ ಮೇಲೆ ಗೆರೆ ಎಳೆದಷ್ಟಕ್ಕೆ ಇದು ಹುಟ್ಟಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಆ ಹಲ್ಲುಗಳ ಕೋನ ಕೂದಲಿನಷ್ಟು ತಪ್ಪಿದರೂ ಗಡಿಯಾರ ನಿಲ್ಲುತ್ತದೆ. ಡೇನಿಯಲ್ಸ್‌ಗೆ ಹೊಸ ಕೋನವೊಂದು ಹೊಳೆದರೆ ಯಾರಿಗೂ ಕಾಗದ ಬರೆದು ಕಾಯಬೇಕಿರಲಿಲ್ಲ. ಎದ್ದು ಹೋಗಿ ಲೇತಿನ ಮುಂದೆ ಕೂತು ತಾನೇ ಚಕ್ರ ಕಡಿಯುತ್ತಿದ್ದ, ಜೋಡಿಸಿ ನೋಡುತ್ತಿದ್ದ. ದೊಡ್ಡ ಕಾರ್ಖಾನೆಗಳಲ್ಲಿ ಯೋಚಿಸುವವರೇ ಬೇರೆ, ಕಡಿಯುವವರೇ ಬೇರೆ. ಅವುಗಳಿಗೆ ಇನ್ನೂರು ವರ್ಷ ದಕ್ಕದ್ದು ಒಬ್ಬನಿಗೆ ದಕ್ಕಿದ್ದಕ್ಕೆ ನನಗೆ ಕಾಣುವ ಕಾರಣ ಇದು. ಬ್ರೆಗೆ ಎಡವಿದ್ದು ಎಲ್ಲಿ ಎಂದು ಅವನ ಬೆರಳಿಗೆ ಗೊತ್ತಿತ್ತು, ಮತ್ತು ಅದೇ ಬೆರಳಿಗೆ ಉಕ್ಕನ್ನು ಕಡಿಯಲೂ ಬರುತ್ತಿತ್ತು.

ಆಮೇಲಿನದು ಬಾಗಿಲು ತಟ್ಟುವ ಕತೆ. ತನ್ನ ಉಪಾಯ ಕೈಗಡಿಯಾರಕ್ಕೂ ಒಗ್ಗುತ್ತದೆಂದು ತೋರಿಸಲು ಅವನು ಸ್ವಿಸ್ ಗಡಿಯಾರಗಳನ್ನೇ ಕೊಂಡು, ಒಳಗಿನ ಲಿವರ್ ತೆಗೆದು, ತನ್ನ ಎಸ್ಕೇಪ್‌ಮೆಂಟ್ ಕೂರಿಸಿ ಕಂಪನಿಗಳ ಮುಂದಿಟ್ಟ. ಮೆಚ್ಚಿದವರಿದ್ದರು, ಪರೀಕ್ಷಿಸಿದವರಿದ್ದರು, ಬದಲಿಸಲು ಮುಂದಾದವರಿರಲಿಲ್ಲ. ಲಿವರ್ ಮಾಡಲು ಕಟ್ಟಿದ ಯಂತ್ರಗಳು, ಪಳಗಿದ ಕೆಲಸಗಾರರು, ಸಾಲದ್ದಕ್ಕೆ ಕ್ವಾರ್ಟ್ಜ್‌ನ ಭಯ. ಪೇಟೆಂಟ್ ಸಿಕ್ಕ ಮೇಲೂ ಸುಮಾರು ಎರಡು ದಶಕ ಹೀಗೇ ಕಳೆಯಿತು. ಕೊನೆಗೆ ಒಮೆಗಾ ಕಂಪನಿ ಅದನ್ನು ಕೈಗೆತ್ತಿಕೊಂಡು 1999ರಲ್ಲಿ ಕೋ-ಆಕ್ಸಿಯಲ್ ಕೈಗಡಿಯಾರವನ್ನು ಹೊರತಂದಿತು. 2007ರಲ್ಲಿ ಈ ಎಸ್ಕೇಪ್‌ಮೆಂಟಿಗೆಂದೇ ಹೊಸದಾಗಿ ರೂಪಿಸಿದ ಯಂತ್ರವೂ ಬಂತು. ಒಬ್ಬ ಮನುಷ್ಯ ತನ್ನ ಕಾರ್ಯಾಗಾರದಲ್ಲಿ ಕಡಿದ ಚಕ್ರ ಇಂದು ಲಕ್ಷಾಂತರ ಕೈಗಳ ಮೇಲೆ ಮಿಡಿಯುತ್ತಿದೆ.

ಡೇನಿಯಲ್ಸ್ ಹೆಚ್ಚು ಗಡಿಯಾರ ಮಾಡಲಿಲ್ಲ. ಒಂದೊಂದಕ್ಕೂ ಹೆಚ್ಚುಕಡಿಮೆ ಒಂದು ವರ್ಷ ಬೇಕಾಗುತ್ತಿತ್ತು. ಆದರೆ ಕಲಿತದ್ದನ್ನು ಬಚ್ಚಿಡಲಿಲ್ಲ. 1981ರಲ್ಲಿ ಬಂದ ಅವನ ‘ವಾಚ್‌ಮೇಕಿಂಗ್’ ಪುಸ್ತಕದಲ್ಲಿ ಚಕ್ರ ಕಡಿಯುವುದರಿಂದ ಹಿಡಿದು ಡಯಲ್ ಗೀರುವವರೆಗೆ ಎಲ್ಲವೂ ನಕ್ಷೆ ಸಮೇತ ಇದೆ. ತಾನು ಗುರುವಿಲ್ಲದೆ ಪಟ್ಟ ಪಾಡನ್ನು ಮುಂದಿನವರು ಪಡಬಾರದೆಂದು ಬರೆದಂತಿದೆ ಅದು. ಮ್ಯಾಂಚೆಸ್ಟರಿನಲ್ಲಿ ಗಡಿಯಾರದ ಕೆಲಸ ಕಲಿತ ರೋಜರ್ ಸ್ಮಿತ್ ಎಂಬ ಹುಡುಗ ಆ ಪುಸ್ತಕವನ್ನು ಮುಂದಿಟ್ಟುಕೊಂಡು ಒಂದು ಜೇಬುಗಡಿಯಾರ ಮಾಡಿದ. ಐರಿಷ್ ಸಮುದ್ರದ ನಡುವಿನ ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಹೋಗಿ, ಅಲ್ಲೇ ನೆಲೆಸಿದ್ದ ಡೇನಿಯಲ್ಸ್‌ಗೆ ಅದನ್ನು ತೋರಿಸಿದ. ಕೈಯಿಂದ ಮಾಡಿದ್ದು ಕಾಣುತ್ತಿದೆ, ಅದು ಕಾಣಬಾರದು, ಮತ್ತೆ ಮಾಡು ಎಂಬಂಥ ಉತ್ತರ ಬಂತು. ಸ್ಮಿತ್ ಹಿಂದಿರುಗಿ ಎರಡನೆಯದನ್ನು ಹಿಡಿದ. ಒಪ್ಪಿಗೆಯಾಗದ ಭಾಗಗಳನ್ನು ಎಸೆದು ಮತ್ತೆ ಕಡಿಯುತ್ತಾ ಐದು ವರ್ಷ ಕಳೆದ. 1997ರಲ್ಲಿ ಅದನ್ನು ಹೊತ್ತು ಮತ್ತೆ ಹೋದಾಗ ಡೇನಿಯಲ್ಸ್ ಒಂದೊಂದು ಭಾಗವನ್ನೂ ಯಾರು ಮಾಡಿದ್ದೆಂದು ಕೇಳಿದ. ಎಲ್ಲವನ್ನೂ ಸ್ಮಿತ್ ತಾನೇ ಮಾಡಿದ್ದನೆಂದು ತಿಳಿದ ಮೇಲೆ ಅವನನ್ನು ಗಡಿಯಾರದವನೆಂದು ಒಪ್ಪಿಕೊಂಡ, ತನ್ನ ಬಳಿಗೆ ಕೆಲಸಕ್ಕೂ ಕರೆದ.

ಕೋ-ಆಕ್ಸಿಯಲ್‌ಗೆ 35 ವರ್ಷ ತುಂಬಿದ ನೆನಪಿಗೆ 2010ರಲ್ಲಿ ಇಬ್ಬರೂ ಸೇರಿ 35 ಕೈಗಡಿಯಾರಗಳ ಒಂದು ಸರಣಿಯನ್ನು ರೂಪಿಸಿದರು. ಮರುವರ್ಷ ಅಕ್ಟೋಬರಿನಲ್ಲಿ ಡೇನಿಯಲ್ಸ್ ತೀರಿಕೊಂಡ. ಅವನ ಸಂಗ್ರಹವನ್ನು 2012ರಲ್ಲಿ ಹರಾಜು ಹಾಕಿ ಬಂದ ಹಣ ಅವನ ಹೆಸರಿನ ಶಿಕ್ಷಣ ಟ್ರಸ್ಟಿಗೆ ಸಂದಿತು. ಸ್ಮಿತ್ ಆ ದ್ವೀಪ ಬಿಟ್ಟು ಹೋಗಿಲ್ಲ. ಅವನ ಕಾರ್ಯಾಗಾರದಲ್ಲೂ ಹಳೆಯ ರೋಸ್ ಎಂಜಿನ್ ತಿರುಗುತ್ತದೆ, ಬೆಳ್ಳಿಯ ಡಯಲ್‌ಗಳ ಮೇಲೆ ಗೀರು ಬೀಳುತ್ತದೆ. ಆದರೆ ಅವನೂ ಗುರುವಿನ ಚಕ್ರವನ್ನು ಇದ್ದ ಹಾಗೆಯೇ ಉಳಿಸಿಕೊಂಡಿಲ್ಲ. ಡೇನಿಯಲ್ಸ್ ಎರಡು ಚಕ್ರಗಳನ್ನು ಬೇರೆ ಬೇರೆಯಾಗಿ ಕಡಿದು ಒಂದು ಅಚ್ಚಿಗೆ ಕೂರಿಸುತ್ತಿದ್ದ. ಹಾಗೆ ಕೂರಿಸುವಾಗ ಹಲ್ಲಿಗೂ ಹಲ್ಲಿಗೂ ನಡುವೆ ನವಿರಾದ ಹೆಚ್ಚುಕಡಿಮೆ ನುಸುಳಬಹುದಿತ್ತು. ಸ್ಮಿತ್ ಎರಡು ಸಾಲು ಹಲ್ಲುಗಳನ್ನೂ ಒಂದೇ ಲೋಹದ ತುಂಡಿನಲ್ಲಿ ಕಡಿದ.